ಮನೆ ನೀರಿಗಿಳಿದ ದಿನ

ಎತ್ತುಗಳು ನನ್ನವು. ಅದಕ್ಕೇ ಈ ಕತೆ ನನಗೆ ಗೊತ್ತು.
ಚಿಲೊಯೆ ದ್ವೀಪದಲ್ಲಿ ಮನೆಯನ್ನೂ ಎಳೆಯುತ್ತೇವೆ ನಾವು,
ಕಿಟಕಿ ಬಾಗಿಲು ಕಳಚಿ, ಅಡಿಗೆ ದಿಮ್ಮಿ ಕೊಟ್ಟು,
ಊರೆಲ್ಲ ಕೂಡಿ, ಕೂಲಿಯಿಲ್ಲದೆ, ಒಂದು ಊಟಕ್ಕೆ.
ಮಿಂಗಾ ಅನ್ನುತ್ತೇವೆ ಅದಕ್ಕೆ.

ಆ ಸಲ ಎಳೆದದ್ದು ಡೊರಾಲಿಸಾಳ ಮನೆ.
ಬೆಲಾರ್ಮಿನೊನ ಮನೆ ಎಂದು ಯಾರೂ ಅನ್ನುತ್ತಿರಲಿಲ್ಲ,
ಹತ್ತೊಂಬತ್ತು ವರ್ಷ ಅದರ ಸೂರಿಗೆ ಹಲಗೆ ಬಡಿದವನು
ಅವನೇ ಆದರೂ.
ಮನೆಯಳಿಯ.
ನಾವು ಬೆನ್ನ ಹಿಂದೆ ಆಡುತ್ತಿದ್ದೆವು ಆ ಮಾತು,
ಅವಳು ಎದುರಿಗೆ.

ಜಗಳ ಎಲ್ಲಿಂದ ಹೊರಟರೂ,
ಆಲೂಗಡ್ಡೆ ಮೊಳೆತದ್ದು, ಒಲೆಗೆ ಹಸಿ ಸೌದೆ ತುರುಕಿದ್ದು,
ಮೀನಿನ ಲೆಕ್ಕದಲ್ಲಿ ಮುನ್ನೂರು ಪೆಸೊ ಕಡಿಮೆ ಬಿದ್ದದ್ದು,
ಬಂದು ನಿಲ್ಲುತ್ತಿದ್ದುದು ಒಂದೇ ಮೆಟ್ಟಿಲಿಗೆ:
“ಇದು ನನ್ನಪ್ಪ ಕಟ್ಟಿದ ಮನೆ.”
ಅವನು ಟೋಪಿ ಎತ್ತಿಕೊಂಡು ದಂಡೆಗೆ ನಡೆಯುತ್ತಿದ್ದ.
ಒಣಗಿದ ದೋಣಿಯಲ್ಲಿ ಕೂತು
ಇಲ್ಲದ ನೀರು ಮೊಗೆಯುತ್ತಿದ್ದ, ಕತ್ತಲಾಗುವ ತನಕ.

ಅವನೇನು ಕಡಿಮೆ?
ಅವಳಿಗೆ ಓದು ಬಾರದು.
ಪುಂಟಾ ಅರೆನಾಸ್‌ನಿಂದ ತಂಗಿಯ ಕಾಗದ ಬಂದರೆ
ಲಕೋಟೆ ಒಡೆದು, ಕನ್ನಡಕ ಒರೆಸಿ,
ಓದುವ ಮೊದಲು ಒಂದು ನಿಟ್ಟುಸಿರು ಬಿಡುತ್ತಿದ್ದ,
ಬಾವಿಗೆ ಇಳಿಬಿಟ್ಟ ಹಗ್ಗದಷ್ಟು ಉದ್ದ.
ಅಷ್ಟೇ. ಒಂದು ಮಾತಿಲ್ಲ.
ಅವಳು ಏಪ್ರನ್ನಿನ ಅಂಚು ಹಿಸುಕುತ್ತ ನಿಂತಿರುತ್ತಿದ್ದಳು,
ತರಗತಿಯ ಹೊರಗೆ ನಿಲ್ಲಿಸಿದ ಮಗುವಿನ ಹಾಗೆ.

ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರಲ್ಲ,
ಇವರು ಉಂಡರು, ಮಲಗಿದರು, ಎದ್ದರು, ಮತ್ತೆ ಉಂಡರು.

ಕಡಲು ದಂಡೆ ತಿನ್ನುತ್ತ ಅಡುಗೆಮನೆಯ ಗೋಡೆ ಮುಟ್ಟಿತು.
ಕಾಲುವೆಯಾಚೆ ಅವನದೊಂದು ತುಂಡು ನೆಲವಿತ್ತು,
ಕಪ್ಪೆಚಿಪ್ಪು ಆಯ್ದ ಕೂಲಿಯಲ್ಲಿ, ಅವಳಿಗೆ ಹೇಳದೆ ಕೊಂಡದ್ದು.
(ಅದೂ ಒಂದು ಜಗಳ. ಹೇಳುತ್ತೇನೆ. ಬೇಡ, ಬಿಡಿ.)

ಭರತದ ಬೆಳಿಗ್ಗೆ, ಮೂವತ್ತು ಜನರೆದುರು,
ಅವನು ಹಾಕಿದ ಗಂಟು ಬಿಚ್ಚಿ ತಾನು ಕಟ್ಟಿದಳು.
ಅವಳ ಗಂಟೇ ಸರಿಯಿತ್ತು.
ಕಷ್ಟವಾದದ್ದು ಅದೇ.
ಬೇರೆ ಬೇರೆ ದೋಣಿ ಹತ್ತಿದರು ಇಬ್ಬರೂ.

ನಡುವೆ ಮನೆ,
ಪೀಪಾಯಿಗಳ ಮೇಲೆ ಓಲುತ್ತ, ಲಂಗ ಎತ್ತಿ ನೀರಿಗಿಳಿದ ಮುದುಕಿ.
ಕಿಟಕಿಯ ತೂತಿನಲ್ಲಿ ಒಂದು ಕಡಲಹಕ್ಕಿ ಬಂದು ಕೂತಿತು, ಒಡತಿಯ ಗತ್ತಿನಲ್ಲಿ.
ಆ ಒಂದು ಗಂಟೆ ಅದು ಯಾರಪ್ಪನ ಮನೆಯೂ ಆಗಿರಲಿಲ್ಲ.

ಆಚೆ ದಡದಲ್ಲಿ ನನ್ನ ಜೋಡಿ ಎಳೆಯಿತು.
ಎಡದ್ದಕ್ಕೆ ಸದಾ ಮುಂದಿರಬೇಕು, ಬಲದ್ದಕ್ಕೆ ಮುನಿಸು.
ಒಂದು ಮುಂದಾದರೆ ನೊಗ ಇನ್ನೊಂದರ ಕತ್ತು ಕುಯ್ಯುತ್ತದೆ.
ಎಂಟು ವರ್ಷದಿಂದ ಹೇಳುತ್ತಿದ್ದೇನೆ, ಎತ್ತುಗಳಿಗೆ.

ರಾತ್ರಿ ಸರಪಳಿ ತರಲು ಹೋದೆ.
ಕಿಟಕಿಗಳಿಲ್ಲ, ಕೇಳಬಾರದೆಂದರೂ ಕೇಳುತ್ತದೆ.
“ಬಾಗಿಲು ಉತ್ತರಕ್ಕೆ ಬಂತಲ್ಲ, ಮಳೆಯೆಲ್ಲ ಒಳಗೆ.”
“ನೆಲ ನನ್ನದು,” ಅಂದ ಅವನು. “ಬಾಗಿಲು ನನಗೆ ಬೇಕಾದ ಕಡೆ.”
ಹತ್ತೊಂಬತ್ತು ವರ್ಷ ನಾಲಗೆಯಡಿ ಇಟ್ಟುಕೊಂಡಿದ್ದ ಕಲ್ಲುಸಕ್ಕರೆ.
ಆಮೇಲೆ ಅವಳ ಮುಖ ನೋಡಿದ.

ಅವಳು ಶಾಲು ಎತ್ತಿಕೊಂಡಳು.
ಕಾಲು ತಾವಾಗಿ ದೋಣಿಯ ಕಡೆ ತಿರುಗಿದ್ದವು.
ಒಣ ದೋಣಿಯಲ್ಲಿ ಕೂತವನಿಗೆ
ತಾನು ಹೇಗೆ ಕಾಣುತ್ತಿದ್ದೆನೆಂದು ಗೊತ್ತಿರಲಿಲ್ಲ ಅಲ್ಲಿಯವರೆಗೆ.

ಅವನು ಏನೂ ಹೇಳಲಿಲ್ಲ. ಒಲೆ ಹಚ್ಚಿದ.
ಹೊಗೆಕೊಳವೆ ಇನ್ನೂ ಜೋಡಿಸಿರಲಿಲ್ಲ, ಪೆದ್ದ.
ಮನೆ ತುಂಬ ಹೊಗೆ. ಇಬ್ಬರೂ ಕೆಮ್ಮುತ್ತ, ಬಯ್ಯುತ್ತ,
ಬಕೆಟ್ಟಿಗೆ ಒಟ್ಟಿಗೇ ಕೈ ಹಾಕುತ್ತ.
ಸರಪಳಿ ಸದ್ದಾಗದಂತೆ ಎತ್ತಿಕೊಂಡು ಬಂದೆ.

ಮರುವರ್ಷ ಬಿತ್ತನೆ ಆಲೂಗಡ್ಡೆಗೆಂದು ಹೋಗಿದ್ದೆ.
ಗೋಡೆಗೆಲ್ಲ ಹಳದಿ ಬಣ್ಣ, ಮಂಡಿಯಿಂದ ಮೇಲೆ ಮಾತ್ರ.
ಕೆಳಗೆ ಕಡಲಿನ ಉಪ್ಪುಗೆರೆ ಹಾಗೇ ಇತ್ತು.
ಯಾಕೆಂದರೆ “ಅವಳು ಬೇಡ ಅಂದಳು,” “ಅವನು ಸೋಮಾರಿ,”
ಇಬ್ಬರೂ ಒಟ್ಟಿಗೆ ಅಂದರು.

ಅಷ್ಟರಲ್ಲಿ ತಂಗಿಯ ಕಾಗದ ಬಂತು.
ಲಕೋಟೆ ಒಡೆದ. ಕನ್ನಡಕ ಒರೆಸಿದ.
ಉಸಿರು ಎಳೆದುಕೊಂಡ, ಉದ್ದಕ್ಕೆ,
ಬಿಡುವಾಗ ಅರ್ಧದಲ್ಲಿ ಅದನ್ನು ಕೆಮ್ಮು ಮಾಡಿಕೊಂಡ.

ಅವಳು ಎದ್ದು ನೀರು ತಂದುಕೊಟ್ಟಳು,
ಕೆಮ್ಮಲ್ಲವೆಂದು ಗೊತ್ತಿದ್ದೂ.