ಗೋಧಿಯ ಹಿಂದೆ

ಮೇ ಮೂರನೇ ವಾರ, ಟೆಕ್ಸಸ್ಸಿನ ವರ್ನನ್ ಊರಲ್ಲಿ
ಮೊದಲ ಗೋಧಿ ಒಣಗಿ ಸದ್ದು ಮಾಡುತ್ತದೆ.
ಐದು ಕಟಾವು ಯಂತ್ರ, ಮೂರು ಲಾರಿ, ಒಂದು ಅಡುಗೆ ಗಾಡಿ.
ಗಾಡಿಯೊಳಗೆ ನಾನು, ಲಿಯೋನಾ ಉನ್ರೂ,
ಇಪ್ಪತ್ತಾರು ವರ್ಷದಿಂದ
ಹದಿನಾಲ್ಕು ಹೊಟ್ಟೆಗಳ ಉಸ್ತುವಾರಿ.

ಗೋಧಿ ಎಲ್ಲ ಕಡೆ ಒಂದೇ ಸಲ ಮಾಗುವುದಿಲ್ಲ.
ತೆಂಕಣಿಂದ ಬಡಗಕ್ಕೆ
ದಿನಕ್ಕಿಷ್ಟು ಮೈಲಿಯಂತೆ ನಡೆಯುತ್ತದೆ ಅದರ ಬಣ್ಣ.
ಅದರ ಹಿಂದೆ ನಾವು.
ನಮ್ಮ ಹಿಂದೆಯೋ ಮುಂದೆಯೋ, ಅದೇ ದಾರಿಯಲ್ಲಿ
ಇನ್ನೊಬ್ಬ ಕೊಯ್ಲುಗಾರ:
ಏಪ್ರಿಲ್‌ನಲ್ಲಿ ಕೆಂಪು ನದಿಯ ದಡ,
ಮೇ ತುಂಬ ಒಕ್ಲಹೋಮಾ,
ಜೂನ್ ಬಂದರೆ ಕನ್ಸಾಸ್, ನೆಬ್ರಾಸ್ಕಾ,
ಜುಲೈಗೆ ಡಕೋಟಾ.

ಹುಡುಗರು ಕೇಳುತ್ತಾರೆ, ಇಲ್ಲಿಗೇ ಏಕೆ ಬರುತ್ತದೆ ಎಂದು.
ನನಗೆ ಗೊತ್ತಿರುವುದು ಅಡುಗೆಮನೆ.
ಕೊಲ್ಲಿಯ ಗಾಳಿ, ಆಲೂಗೆಡ್ಡೆ ಬೇಯುವ ಪಾತ್ರೆಯ
ಮುಚ್ಚಳ ತೆಗೆದ ಹಾಗೆ.
ಪಡುವಣದಿಂದ ಇಳಿಯುವುದು, ಒಲೆಯ ಬಾಗಿಲು ತೆರೆದ ಹಾಗೆ.
ಮೇಲೆ, ಬಹಳ ಮೇಲೆ,
ಯಾರೋ ಫ್ರಿಜ್ಜು ಮುಚ್ಚಲು ಮರೆತಿದ್ದಾರೆ.
ಮೂರೂ ಕೂಡುವಲ್ಲಿ
ನಾವು ಸಂಜೆ ಊಟಕ್ಕೆ ಕೂರುತ್ತೇವೆ.

ಒಂದು ವರ್ಷ ಕಯೋವಾ ಊರಾಚೆ
ಆಕಾಶ ಹಳೆಯ ಗಾಯದ ಹಸಿರಿಗೆ ತಿರುಗಿದಾಗ
ಡೆನ್ಮಾರ್ಕಿನ ಹುಡುಗ ಏಸ್ಕಿಲ್, ಒಂದಾದರೂ ನೋಡಬೇಕೆಂದು
ಲಾರಿಯ ನೆತ್ತಿ ಹತ್ತಿ ನಿಂತ.
ಸೌಟು ಹಿಡಿದೇ ಓಡಿ ಅವನ ಕಾಲಿಗೆ ಬಾರಿಸಿದೆ.
ಚರಂಡಿಯಲ್ಲಿ ಬೋರಲು ಬಿದ್ದೆವು, ಹದಿನೈದು ಜನ,
ಬಾಯೊಳಗೆಲ್ಲ ಮಣ್ಣು.
ಅದು ನಮ್ಮನ್ನು ಬಿಟ್ಟು ಮುದುಕ ಶ್ರಾಗನ ಹೊಲಕ್ಕೆ ಹೋಯಿತು.
ಕಾಲು ಮೈಲಿ ಅಗಲಕ್ಕೆ ಕೂಳೆಯನ್ನೂ ಬಿಡಲಿಲ್ಲ.
ಬೆಳಿಗ್ಗೆ ಆತ ಬದುವಿನಲ್ಲಿ ನಿಂತು ಟೋಪಿ ತೆಗೆದು
"ಇವನು ಕೂಲಿ ಕೇಳಲಿಲ್ಲವಲ್ಲ" ಅಂದ.
ನಕ್ಕೆವು. ಆಮೇಲೆ ಅವನ ಮುಖ ನೋಡಿ ಸುಮ್ಮನಾದೆವು.

ಗಾಡಿಯ ಗೋಡೆಯಲ್ಲೊಂದು ಕ್ಯಾಲೆಂಡರ್.
ಕೊಯ್ಲಿಗೆ ಕಪ್ಪು ಪೆನ್ಸಿಲ್, ಸೈರನ್ನಿಗೆ ಕೆಂಪು.
ಎರಡು ಬಣ್ಣವೂ ಬಹುತೇಕ ಜೊತೆಯಾಗಿ ಬಡಗ ಸೇರಿ
ಆಗಸ್ಟ್ ಹೊತ್ತಿಗೆ ಸಣ್ಣಗಾಗುತ್ತಿದ್ದವು.
ಉಳಿದ ತಿಂಗಳು ನಮ್ಮ ಊರು, ಪೀಚ್ ಹಣ್ಣಿನ ಜಾಡಿ,
ಜೇಡ ಕಟ್ಟಿದ ನೆಲಮಾಳಿಗೆ.
ಗಾಳಿಗೂ ಒಂದು ಮರ್ಯಾದೆ ಉಂಟೆಂದು ನಂಬಿದ್ದೆ.

ಡಿಸೆಂಬರ್, ರಾತ್ರಿ ಎರಡೂವರೆ, ತಂಗಿ ಆರ್ಡಿತಳ ಫೋನು.
ಅವಳಿರುವುದು ಟೆನೆಸ್ಸಿ.
ಅಲ್ಲಿ ಬಯಲಿಲ್ಲ, ಮಾಗಿದ ಗೋಧಿಯಿಲ್ಲ,
ಗುಡ್ಡ, ಪೈನ್ ಮರ, ಮಳೆಯೊಳಗಿನ ಕತ್ತಲು.
ತಗಡಿನ ಮನೆಗೆ ನೆಲಮಾಳಿಗೆ ಎಲ್ಲಿಂದ ಬರಬೇಕು.
ಸ್ನಾನದ ತೊಟ್ಟಿಯಲ್ಲಿ ಮಲಗಿ
ಹಾಸಿಗೆ ಮೇಲೆಳೆದುಕೊಂಡಿದ್ದಳಂತೆ.
"ಕೇಕಿಗೆ ಇಟ್ಟ ಬೆಣ್ಣೆ ಇಟ್ಟಲ್ಲೇ ಇದೆ, ಲಿಯೋನಾ,
ಗೋಡೆ ಇಲ್ಲ."
ಪಕ್ಕದ ಮನೆಯವರ ಬಗ್ಗೆ ಕೇಳಿದೆ.
ಫೋನಿನಲ್ಲಿ ಮಳೆ ಕೇಳಿಸಿತು, ಬಹಳ ಹೊತ್ತು.

ಅಂಥ ರಾತ್ರಿ ಅಲ್ಲಿ ಹೊಸದಲ್ಲವಂತೆ.
ಚಳಿಗಾಲದಲ್ಲೂ ಕೊಲ್ಲಿ ಬೆಚ್ಚಗೇ ಇರುತ್ತದೆ,
ಸತ್ತವರು ಬಹಳ ಜನ ನಿದ್ದೆಯಲ್ಲಿದ್ದವರು.
ನನ್ನ ಕ್ಯಾಲೆಂಡರು
ನಾನು ಇರುವಲ್ಲಿನದು ಮಾತ್ರ ಬರೆದುಕೊಂಡಿತ್ತು.

ಈಗ ಮತ್ತೆ ವರ್ನನ್. ಮತ್ತೆ ಮೇ.
ಅಡುಗೆ ಗಾಡಿಯಲ್ಲಿ ಇಬ್ಬರು.
ಆರ್ಡಿತ್ ಆಲೂಗೆಡ್ಡೆ ಸುಲಿಯುತ್ತಾಳೆ,
ಸಿಪ್ಪೆ ದಪ್ಪ, ಯಾವತ್ತೂ ಹಾಗೇ ಅವಳದು.
ನೈರುತ್ಯದಲ್ಲಿ ಮೋಡ ಎದ್ದು ಅಂಚು ತಿರುಗತೊಡಗಿದಾಗ
ಹುಡುಗರು ಚರಂಡಿಯತ್ತ ಓಡುತ್ತಾರೆ, ನಾನು ಕೂಗುತ್ತೇನೆ.
ಅವಳು ಚಾಕು ಒರೆಸಿಟ್ಟು
ಬಾಗಿಲಲ್ಲಿ ನಿಂತು ನೋಡುತ್ತಾಳೆ,
ಇಪ್ಪತ್ತು ಮೈಲಿ ದೂರದ್ದನ್ನು, ಅಡಿಯಿಂದ ಮುಡಿಯವರೆಗೆ.
"ಎಷ್ಟು ಚೆನ್ನ," ಎನ್ನುತ್ತಾಳೆ,
"ಇಲ್ಲಿ ಬರುವುದು ಕಾಣುತ್ತದೆ."