ಬೋರ್ಡು ಬರೆಯುವವನ ಲೆಕ್ಕ

ಕುಶಾಲನಗರದ ಹೊಳೆದಂಡೆಯ ಪುಟ್ಟ ಮೃಗಾಲಯಕ್ಕೆ
ಹತ್ತೊಂಬತ್ತು ವರ್ಷದಿಂದ ಹೆಸರು ಬರೆಯುತ್ತಿದ್ದೇನೆ.
ಪ್ರಾಣಿ ತರುವವರು ಬೇರೆ, ಒಯ್ಯುವವರು ಬೇರೆ.
ನನ್ನದು ತಗಡು, ಬಿಳಿ ಎನಾಮಲ್, ಆರನೇ ನಂಬರ್ ಬ್ರಷ್ಷು,
ಅಕ್ಷರಕ್ಕೆ ಇಷ್ಟು ಎಂದು ಕೂಲಿ.
ಆ ಲೆಕ್ಕದಲ್ಲಿ ಕೃಷ್ಣಮೃಗ ಒಳ್ಳೆಯ ಪ್ರಾಣಿ,
ಕರಡಿ ನಷ್ಟ.

ಮೊದಲ ಗೂಡಿನಲ್ಲಿ ಚಿರತೆ ಇತ್ತು,
ಕಾಫಿ ತೋಟದ ಉರುಳಿಗೆ ಸಿಕ್ಕು
ಮುಂಗಾಲು ಕಳಕೊಂಡದ್ದು.
ಅದು ಮೈಸೂರಿಗೆ ಹೋದ ಮರುದಿನ
ಉಪ್ಪುಕಾಗದದಲ್ಲಿ ತಿಕ್ಕಿ, ಅದೇ ತಗಡಿನ ಮೇಲೆ
'ಮುಳ್ಳುಹಂದಿ' ಬರೆದೆ.
ಮುಳ್ಳುಹಂದಿ ಒಂದೇ ಮಳೆಗಾಲ ಬದುಕಿತು.
ಆಮೇಲೆ ಪುನುಗು. ಆಮೇಲೆ ಟರ್ಕಿ ಕೋಳಿ.
ಈಗ ಸಂಜೆಯ ಬಿಸಿಲು ಓರೆಯಾಗಿ ಬಿದ್ದರೆ
ಕೋಳಿಯ 'ಟ' ಹಿಂದೆ
ಚಿರತೆಯ 'ಚಿ' ಉಬ್ಬಿಕೊಂಡು ಕಾಣುತ್ತದೆ.
ಶಾಲೆಯಿಂದ ಬಂದ ಹುಡುಗನೊಬ್ಬ
ಬೆರಳಿಟ್ಟು ಅದನ್ನು ಓದಿ
ಕೋಳಿಗಳನ್ನು ಬಹಳ ಹೊತ್ತು
ಅನುಮಾನದಿಂದ ನೋಡಿದ.

ಮೇವು ಹಾಕುವ ಚೋಮಿ ಏಳನೇ ಕ್ಲಾಸು.
ನನ್ನ ಕಾಗುಣಿತ ತಿದ್ದುವವಳು ಅವಳೇ.
'ಪ್ರಾಣಿಗೆ ಬಾಲ ಮರೆತಿದ್ದೀರಿ' ಎನ್ನುತ್ತಾಳೆ,
'ಣ'ಕ್ಕೆ ಗುಡಿಸು ಬಿಟ್ಟಿದ್ದರೆ.
ಆದರೆ ಹೊಸ ಬೋರ್ಡು ಎಷ್ಟು ತಗುಲಿಸಿದರೂ
ಅವಳ ಬಾಯಲ್ಲಿ ಹಳೆಯದೇ:
'ಚಿರತೆ ಗೂಡಿಗೆ ಜೋಳ ಹಾಕಿ ಬಂದೆ.'

ಮೊಸಳೆಯ ತೊಟ್ಟಿ ಬಿರುಕು ಬಿಟ್ಟಿತ್ತು.
ಎಷ್ಟು ಸಿಮೆಂಟು ಮೆತ್ತಿದರೂ ನೀರು ನಿಲ್ಲಲಿಲ್ಲ.
ಒದ್ದೆ ಗೋಣಿ ಸುತ್ತಿ, ಬಾಯಿಗೆ ಹಗ್ಗ ಬಿಗಿದು
ಲಾರಿಗೆ ಏರಿಸಿದರು. ಚೋಮಿ
ಗೋಣಿಯ ಮೇಲೆ ಇನ್ನೊಂದು ಕೊಡ ನೀರು ಸುರಿದಳು.
ಬೋರ್ಡು ಬಿಚ್ಚಲು ಹೋದೆ.
'ಇರಲಿ ಲಾರೆನ್ಸ್,' ಎಂದರು ರೇಂಜರ್, 'ಹೊಸದು ಬರ್ತದೆ.'
ಬರಲಿಲ್ಲ.
ಎರಡು ವರ್ಷ, ಒಣಗಿದ ತೊಟ್ಟಿಯ ಮುಂದೆ
ಜನ ಕತ್ತು ಚಾಚಿ ನಿಂತು
'ಅಗೋ ಅಲ್ಲಿ, ಕಲ್ಲಿನ ಹಾಗೆ' ಎಂದು
ಕಲ್ಲನ್ನೇ ತೋರಿಸಿ ಫೋಟೋ ಹೊಡೆದರು.

ಆ ಆಗಸ್ಟಿನಲ್ಲಿ ಹೊಳೆಯೇ ಟಿಕೆಟ್ಟಿಲ್ಲದೆ ಒಳಗೆ ಬಂತು.
ಜಿಂಕೆಗಳನ್ನು ರಾತ್ರಿಯೇ ಡಿಪೋದ ದಿಣ್ಣೆಗೆ ಅಟ್ಟಿದ್ದರು.
ಚೋಮಿ ಕಂಕುಳಿಗೊಂದರಂತೆ ಟರ್ಕಿ ಕೋಳಿ ಇರುಕಿಕೊಂಡು
ನಾಲ್ಕು ಸಲ ಸೊಂಟದುದ್ದ ನೀರು ದಾಟಿದಳಂತೆ.
ನೀರು ಇಳಿದ ಮೇಲೆ ಎಣಿಸಿದರೆ
ಒಂದು ಪ್ರಾಣಿಯೂ ಕಡಿಮೆ ಇಲ್ಲ.
ಮೊಸಳೆಯ ಬೋರ್ಡೊಂದು ಇಲ್ಲ.

ಮೂರು ವಾರಕ್ಕೆ ಫೋನು.
ಬೋರ್ಡಿನ ಮೂಲೆಯಲ್ಲಿ ಸಣ್ಣಗೆ ನನ್ನ ಹೆಸರು, ನಂಬರು ಇರುತ್ತದಲ್ಲ.
'ಲಾರೆನ್ಸ್ ಆರ್ಟ್ಸಾ? ಕಣಿವೆಯಿಂದ ಮಾತಾಡೋದು.
ನಿಮ್ಮ ಮೊಸಳೆ ಇಲ್ಲಿಗೆ ಬಂದಿದೆ.'

ಸ್ಕೂಟರಿನಲ್ಲಿ ಹೋದೆ.
ಸೋಪಾನದ ಪಕ್ಕ, ಹೊಂಗೆ ಮರಕ್ಕೆ
ಸೈಕಲ್ ಟ್ಯೂಬಿನಿಂದ ಕಟ್ಟಿದ್ದರು:
'ಎಚ್ಚರಿಕೆ! ಮೊಸಳೆ ಇದೆ. ನೀರಿಗೆ ಇಳಿಯಬೇಡಿ.'
ಅಂಚು ಸೊಟ್ಟಗಾಗಿತ್ತು. ಅಕ್ಷರ ಒಂದೂ ಉದುರಿರಲಿಲ್ಲ.
'ಚ್ಚ'ದ ಒತ್ತು ನೋಡಿ ನನಗೇ ಹೆಮ್ಮೆಯಾಯಿತು.
ಬಲೆ ಬೀಸುವವನೊಬ್ಬ ಆಗಲೇ ಕಂಡಿದ್ದನಂತೆ,
ಒಂದೂವರೆ ಆಳುದ್ದ, ಬೆನ್ನ ಮೇಲೆ ಪಾಚಿ.
ಟ್ಯೂಬಿನ ಗಂಟಿಗೆ ಕೈಹಾಕಿದೆ.

'ಬಿಡಿ ಅಣ್ಣ,' ಎಂದಳು ಬಟ್ಟೆ ಒಗೆಯಲು ಬಂದಿದ್ದ ಹೆಂಗಸು,
ಒಗೆಯದೆ ಮೇಲೆಯೇ ಕೂತಿದ್ದವಳು.
'ಹೋದ ಬೇಸಗೆ ಆ ಸುಳಿಯಲ್ಲಿ ನನ್ನಕ್ಕನ ಮಗ ಹೋದ.
ಪಂಚಾಯ್ತಿಯವರು ಬರೆಸಿದ್ದರು, ಆಳ ಇದೆ ಅಂತ.
ಆಳಕ್ಕೆ ಯಾವ ಹುಡುಗ ಹೆದರುತ್ತಾನೆ?'

ಡಿಕ್ಕಿಯಿಂದ ಡಬ್ಬಿ ತೆಗೆದೆ.
ಸೊಟ್ಟಾದ ಅಂಚನ್ನು ಕಲ್ಲಿನಿಂದ ತಟ್ಟಿ,
'ಮೊಸಳೆ'ಗೆ ಇನ್ನೊಂದು ಕೋಟು ಕೆಂಪು ಹಾಕಿ
ಆರುವ ತನಕ ಕಾದೆ.
ಇದಕ್ಕೆ ಯಾರ ಹೆಸರಿಗೂ ಬಿಲ್ಲು ಬರೆದಿಲ್ಲ.

ಮರಳಿದಾಗ ಚೋಮಿ ಗೇಟಿನಲ್ಲೇ ಕೇಳಿದಳು.
'ಸಿಕ್ಕಿತಾ?'
'ಅಲ್ಲೇ ಇರಲಿ ಎಂದರು.'
ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ
ತುಸು ಯೋಚಿಸಿದಳು.
'ಅವರಿಗೆ ಏನು ಗೊತ್ತು,
ಅದಕ್ಕೆ ತಿನ್ನಲು ಏನು ಹಾಕ್ತಾರಂತೆ?'