ಹನ್ನೊಂದು ಮುಕ್ಕಾಲು ಪೌಂಡು

ತಿಂಗಳ ಮೊದಲ ದಿನ, ಬೆಳಗಿನ ಹತ್ತಕ್ಕೆ,
ನನ್ನ ಮೂರನೇ ಮಹಡಿಯಿಂದ ಅವನ ನಾಲ್ಕನೆಯದಕ್ಕೆ
ಇಪ್ಪತ್ತೆರಡು ಮೆಟ್ಟಿಲು ಹತ್ತುತ್ತೇನೆ.
ಲಿಫ್ಟು ಅಪ್ಪ ತೀರಿಕೊಂಡ ವರ್ಷವೇ ನಿಂತಿತು;
ಅದರ ಪಂಜರದೊಳಗೆ ಈಗ ಕಾವಲುಗಾರನ ಈರುಳ್ಳಿ ಚೀಲ.

ಕೈರೋದ ಶುಬ್ರಾದಲ್ಲಿ ಈ ಆರು ಮಹಡಿಯ ಕಟ್ಟಡ ನನ್ನದು.
ಹಾಗೆಂದು ಕಾಗದ ಹೇಳುತ್ತದೆ.
ಒಡತಿ ನಾನು, ಇನ್‌ಶಿರಾಹ್,
ಊರವರ ಪ್ಯಾಂಟಿಗೆ ಜಿಪ್ಪು ಹೊಲಿದು
ಹೊಟ್ಟೆ ಹೊರೆಯುವವಳು.

ಬಾಡಿಗೆದಾರ ರಿಜ್ಕಲ್ಲಾ ಅಫೆಂದಿ,
ತಂತಿ ಕಚೇರಿಯ ನಿವೃತ್ತ ಗುಮಾಸ್ತ.
ಅಪ್ಪನ ಕಾಲದ ಕರಾರು, ಅಪ್ಪನ ಕಾಲದ ದರ:
ಹನ್ನೊಂದು ಪೌಂಡು, ಎಪ್ಪತ್ತೈದು ಪಿಯಾಸ್ತ್ರೆ.
ಆ ದುಡ್ಡಿಗೆ ಅಂದು ಒಂದು ಕುರಿ ಬರುತ್ತಿತ್ತಂತೆ.
ಇಂದು ಕುರಿ ಕಟ್ಟುವ ಹಗ್ಗವೂ ಬಾರದು.

ಪಿಯಾಸ್ತ್ರೆ ನಾಣ್ಯ ಈಗ ಯಾರ ಜೇಬಿನಲ್ಲೂ ಇಲ್ಲ.
ಅದಕ್ಕೇ ಹತ್ತರ ನೋಟು, ಒಂದರ ಬಿಲ್ಲೆ,
ಉಳಿದ ಮುಕ್ಕಾಲಿಗೆ ಒಂದು ನಿಂಬೆಹಣ್ಣು.
ಲೆಕ್ಕ ಲೆಕ್ಕವೇ.
ರಸೀದಿ ಅವನೇ ಬರೆಯುತ್ತಾನೆ, ನನ್ನ ಅಕ್ಷರ ಅವನಿಗೆ ಸೇರದು.
'ಪೂರ್ತಿ ಸಂದಿದೆ' ಎಂಬಲ್ಲಿ ಅಡಿಗೆರೆ ಎಳೆಯುವಾಗ
ಕೈ ನಡುಗುವುದಿಲ್ಲ.
ಅದನ್ನು ನಾನು ಗಮನಿಸುತ್ತೇನೆ.

ನೀರೆತ್ತುವ ಮೋಟಾರು ಸುಟ್ಟಾಗ
ದೂರು ಬರೆದವನೂ ಅವನೇ, ಅದೇ ಚೆಲುವಾದ ಕೈಬರಹ:
'ಒಡತಿಯ ಕರ್ತವ್ಯ' ಎಂದು ಶುರು.
ಮೆಕ್ಯಾನಿಕ್ ಹೇಳಿದ ಮೊತ್ತವನ್ನು ಭಾಗಿಸಿ ನೋಡಿದೆ,
ಅಫೆಂದಿಯ ನಾನೂರು ತಿಂಗಳು.

ಒಂಬತ್ತು ವರ್ಷದಿಂದ ಕೋರ್ಟಿನಲ್ಲಿ ನಾವು ವೈರಿಗಳು.
ವಾಯಿದೆಯ ದಿನ ಒಂದೇ ಮೈಕ್ರೋಬಸ್ಸು ಹತ್ತುತ್ತೇವೆ.
ಕಿಟಕಿ ಬದಿಯನ್ನು ನನಗೆ ಬಿಟ್ಟು
ಹೋಗಿಬರುವ ಚಾರ್ಜು ಇಬ್ಬರದೂ ಅವನೇ ಕೊಡುತ್ತಾನೆ,
ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು.
"ಇದು ಆ ಲೆಕ್ಕಕ್ಕಲ್ಲ" ಎನ್ನುತ್ತಾನೆ.
ಅವನ ವಕೀಲ ನನ್ನನ್ನು
ಕರುಳಿಲ್ಲದವಳು ಎನ್ನುವಾಗ
ಅವನು ತನ್ನ ಶೂ ನೋಡಿಕೊಳ್ಳುತ್ತಾನೆ.
ಮುಂದಿನ ವಾಯಿದೆ ಅಕ್ಟೋಬರಿಗೆ.

ಸುಳ್ಳೇಕೆ ಹೇಳಲಿ.
ರಾತ್ರಿ ಅವನ ಕೆಮ್ಮು ಎಣಿಸುತ್ತೇನೆ.
ನನ್ನ ಸೂರಿನ ಮೇಲೆ ಅವನ ಚಪ್ಪಲಿಯ ಸರ್ ಸರ್:
ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಅಡುಗೆಮನೆಗೆ,
ಐದಕ್ಕೆ ಒಮ್ಮೆ, ಐದೂವರೆಗೆ ಒಮ್ಮೆ.
ಹೆಂಡತಿಯಿಲ್ಲ, ಮಕ್ಕಳಿಲ್ಲ,
ಕರಾರಿಗೆ ವಾರಸುದಾರರಿಲ್ಲ.
ಆ ಎರಡು ಕೋಣೆ ಈಗಿನ ದರಕ್ಕೆ ಕೊಟ್ಟರೆ
ಎಷ್ಟು ಬಂದೀತೆಂದು ಕರೆಂಟ್ ಬಿಲ್ಲಿನ ಬೆನ್ನಲ್ಲಿ
ಬರೆದಿಟ್ಟಿದ್ದೇನೆ. ಎರಡು ಸಲ ಕೂಡಿದ್ದೇನೆ.
ನಮಾಜಿಗೆ ಮೊದಲು ಆ ಚೀಟಿಯನ್ನು
ಹೊಲಿಗೆ ಯಂತ್ರದ ಕೆಳಗೆ ತಳ್ಳುತ್ತೇನೆ,
ದೇವರ ಕಣ್ಣಿಗೆ ಬೀಳಬಾರದೆಂಬಂತೆ.

ಕಳೆದ ಮಂಗಳವಾರ ಚಪ್ಪಲಿ ಸದ್ದಿಲ್ಲ.
ಐದು. ಐದೂವರೆ.
ಏಳು.
ಬರಿಗಾಲಲ್ಲಿ ಓಡಿದೆ, ತಲೆವಸ್ತ್ರವೂ ಸರಿಯಿಲ್ಲದೆ,
ಇಪ್ಪತ್ತೆರಡು ಮೆಟ್ಟಿಲು.
ಎದೆ ಹೊಡೆದುಕೊಂಡದ್ದು ಯಾವುದಕ್ಕೆ ಎಂದು
ನನ್ನನ್ನು ಕೇಳಬೇಡಿ;
ಅರ್ಧದಲ್ಲಿ ನಾನೇ ಕೇಳಿಕೊಂಡು
ಉತ್ತರಕ್ಕೆ ಕಾಯದೆ ಹತ್ತಿದೆ.

ಬಾಗಿಲು ತೆರೆದವನು ಅವನೇ,
ಗಲ್ಲದ ತುಂಬ ಸೋಪಿನ ನೊರೆ.
"ಇವತ್ತು ಹದಿನೇಳು. ಒಂದನೇ ತಾರೀಖಲ್ಲ."
ಕೆಳಗೆ ನೋಡಿದೆ: ದಪ್ಪ ಉಣ್ಣೆಯ ಕಾಲುಚೀಲ.
"ಚಪ್ಪಲಿ ಕಿತ್ತುಹೋಯಿತು" ಎಂದ,
ತಪ್ಪು ಮಾಡಿದವನಂತೆ.
"ನೀರು ಬಂತಾ ನೋಡೋಣವೆಂದು ಬಂದೆ" ಎಂದೆ ನಾನು.
ನಲ್ಲಿ ತಿರುಗಿಸಿ ತೋರಿಸಿದ. ಬಂದಿತ್ತು.

ಸಂಜೆ ಟ್ರಂಕಿನ ತಳದಿಂದ ಅಪ್ಪನ ಮರದ ಹಾವುಗೆ ತೆಗೆದು
ಧೂಳು ಒರೆಸಿ ಮೇಲೆ ಕೊಟ್ಟು ಬಂದೆ.
ಬೆಲೆ ಕೇಳಿದ. ಬೇಡವೆಂದೆ.
ನಿಂಬೆ ಕೊಟ್ಟ. ತೆಗೆದುಕೊಂಡೆ.

ಈಗ ಐದಕ್ಕೆ ಸರಿಯಾಗಿ ನನ್ನ ನೆತ್ತಿಯ ಮೇಲೆ
ಟಕ್, ಟಕ್, ಟಕ್.
ಮಗ್ಗುಲು ಬದಲಿಸುತ್ತೇನೆ.
ಚೀಟಿ ಯಂತ್ರದ ಕೆಳಗೇ ಇದೆ.
ಅಕ್ಟೋಬರಿನಲ್ಲಿ ವಾಯಿದೆ ಇದೆ.